ಕಳ್ಳುಬಳ್ಳಿ

ಬ್ಯಾಡಗಿಯಿಂದ ಪ್ಯಾಸೆಂಜರ್ ಹಿಡದು
ಹುಬ್ಬಳ್ಳಿ ದವಾಖಾನಿ ಮೂರನೇ ಅಂತಸ್ತು ಹತ್ತಿ ಕುಂತಾಗ
ಡಾಕ್ಟರ್ ಸಮೀನಾ ಮೊದಲ ಕೇಳಿದ್ದು
ನನ್ನ ಹೊಟ್ಟಿ ಅಲ್ಲ, ನನ್ನ ಮನೆತನ.
ಬೀಗರು ಕೇಳಿಧಾಂಗ:
ಅಪ್ಪನ ಕಡೆ ಯಾರು, ಅವ್ವನ ಕಡೆ ಯಾರು,
ಯಾರು ಅದಾರ, ಯಾರು ಹೋದ್ರು, ಎಷ್ಟನೇ ವಯಸ್ಸಿಗೆ.

ಬಿಳಿ ಹಾಳಿ ಮ್ಯಾಲ ಗಂಡಿಗೆ ಚೌಕ, ಹೆಣ್ಣಿಗೆ ದುಂಡು.
ಸತ್ತವರ ಮ್ಯಾಲ ಅಡ್ಡಗೆರಿ.
ಹೊಟ್ಟ್ಯಾಗ ಗಡ್ಡಿ ಆದವರನ್ನ
ಬಾಲ್‌ಪೆನ್ನಿಲೆ ಪೂರಾ ಕರಿ ಮಾಡತಾಳ.
ತಲಾಟಿ ನಕಾಶಿಯೊಳಗ ಹೊಲ ತೋರಿಸಿಧಾಂಗ
ಬಟ್ಟಿಟ್ಟು ತೋರಿಸಿದೆ:
ಇವ ನಮ್ಮಜ್ಜ ಗುಡ್ಡಪ್ಪ, ಹುಣ್ಣು ಅಂತಿದ್ರು.
ಇವ ತಮ್ಮ ಮಾಲತೇಶ, ಮೂವತ್ತೆಂಟು, ಹೋದ ಶ್ರಾವಣ.
ಎರಡೂ ಕರಿ.

"ಖಾರ ಭಾಳ ತಿಂತೀರೇನ್ರಿ ನಿಮ್ಮ ಕಡೆ?" ಅಂದ
ಹೊರಗ ಮಗ್ಗಲ ಕುಂತ ಹಾನಗಲ್ಲಿನವ.
ಸಿಟ್ಟು ಬಂತು.
ಇಪ್ಪತ್ತೆರಡು ವರ್ಷ ಮೆಣಸಿನಕಾಯಿ ತೊಟ್ಟು ಮುರದ ಕೈ ಇದು.
ನಮ್ಮ ಕಾಯಿ ಬಣ್ಣಕ್ಕ ಜೋರು, ಖಾರಕ್ಕ ಸಾದು.
ಒಂದ ಒರಳಿನ ಚಟ್ನಿ, ಒಂದ ಹಂಚಿನ ರೊಟ್ಟಿ,
ಒಂದ ಬಾವಿ ನೀರು ಕುಡದು ಬೆಳದವರು ಐದು ಮಂದಿ.
ಮಾಲತೇಶನ್ನ ಯಾಕ ಆರಿಸಿಕೊಂತು ಅದು?

ಡಾಕ್ಟರ್ ಅಂದ್ಳು, ಖಾರ ಒಂದ ಅಲ್ರಿ.
ಉಪ್ಪು, ತಂಬಾಕು, ಹೊಟ್ಟ್ಯಾಗ ಮನಿ ಮಾಡೂ ಕಣ್ಣಿಗೆ ಕಾಣದ ಹುಳ,
ಎಲ್ಲಾ ಬಂದು ಬಾಗಲಾ ಬಡೀತಾವ.
ಕೆಲವು ಮನಿ ಚಿಲಕ
ಹುಟ್ಟಿದಾಗಿಂದ ಸಡಿಲ ಇರತೈತಿ.

ಹೊನ್ನತ್ತಿ ದುಂಡಿನ ಮ್ಯಾಲ ಪೆನ್ನು ನಿಂತು ಬಿಡ್ತು.
"ಇವರಿಗೇನಾಗಿತ್ತು?"
ಹೆಂಗ ಹೇಳ್ಲಿ?
ಎದುರು ಮನಿ ಫಕ್ಕೀರವ್ವ ಪಂಚಮಿಗೆ ಕೊಟ್ಟ ಉಂಡಿ ತಿಂದ ಮ್ಯಾಲ
ಅತ್ತಿಗೆ ಅನ್ನ ಸೇರಲಿಲ್ಲ.
ಮದ್ದು ಹಾಕ್ಯಾಳ ಅಂದ್ರು.
ಅವತ್ತಿನಿಂದ ಆ ಮನಿ ನೀರು ನಮಗ ಬಂದ್.
"ತೂಕ ಇಳದಿತ್ತಾ? ಎರಡು ತುತ್ತಿಗೆ ಹೊಟ್ಟಿ ತುಂಬತಿತ್ತಾ?
ವಾಂತಿ ಕರ್ರಗ ಬರತಿತ್ತಾ?"
ಹೂಂ. ಹೂಂ. ಹೂಂ.
ದುಂಡು ಕರಿ ಆತು.
ಮೂವತ್ತೊಂದು ವರ್ಷದ ಮದ್ದು
ಒಂದು ಬಾಲ್‌ಪೆನ್ನಿಗೆ ಇಳೀತು.

ಫಕ್ಕೀರವ್ವ ಇನ್ನೂ ಅದಾಳ.
ಅದ ಮಂಡಿಯೊಳಗ, ನನಗ ಬೆನ್ನು ಮಾಡಿ ಕುಂಡರತಾಳ.

ಆರು ವಾರಕ್ಕ ರಿಪೋರ್ಟ್ ಬಂತು.
ದವಾಖಾನ್ಯಾಗ ಉಳದಿದ್ದ ತಮ್ಮನ ಚೂರಿನೊಳಗ,
ನನ್ನ ರಕ್ತದೊಳಗ,
ಒಂದ ಜಾಗಾದಾಗ ಒಂದು ಫರಕು.
"ಕೆಟ್ಟದ್ದೇನ್ರಿ ಅದು?"
"ಇನ್ನೂ ಗೊತ್ತಿಲ್ರಿ. ಇಂಥಾದ್ದನ್ನ ಭಾಳ ಮಂದ್ಯಾಗ ಕಂಡಿಲ್ಲ.
ರೋಗ ಬರಬಹುದು. ಬರದನೂ ಇರಬಹುದು.
ವರ್ಷಕ್ಕೊಮ್ಮೆ ಕ್ಯಾಮೆರಾ ಇಳಿಸಿ ನೋಡಕೋತ ಹೋಗೂಣು."
ಹೇಳೂದ್ರಾಗ ಅಕಿ ಮಾರಿ ಸಣ್ಣದಾತು.
ಇರ್ಲಿ ಬಿಡವ್ವಾ, ಅಂದೆ.
ನಮ್ಮಲ್ಲೂ ಮೂರು ಗುಂಪಿ:
ಕೆಂಪಂದು ಒಂದು, ಬಿಳಿಗಾಯಿ ಒಂದು,
ಎರಡಕ್ಕೂ ಸೇರದ್ದನ್ನ ಮೊಣಕಾಲ ಹಂತ್ಯಾಕ ಇಟಗೊಂಡು
ಸಂಜೀಕ ಬೆಳಕಿಗೆ ಹಿಡದು ಮತ್ತೊಮ್ಮೆ ನೋಡತೀವಿ.

ಸೋಮವಾರ ಊಟದ ಹೊತ್ತಿಗೆ
ಫಕ್ಕೀರವ್ವನ ಎದುರು ಹೋಗಿ ಕುಂತೆ.
ಏನ ಹೇಳಬೇಕಂತ ಬಂದಿದ್ದೆ, ಬಾಯಿಗೆ ಬರಲಿಲ್ಲ.
ಅಕಿ ಬುತ್ತಿಯೊಳಗಿನ ಅರ್ಧ ರೊಟ್ಟಿ ಮುರಕೊಂಡು ತಿಂದೆ.
ನಾ ನುಂಗೂಮಟಾ
ಅಕಿ ನನ್ನ ಗಂಟಲಾ ನೋಡಕೋತ ಕುಂತ್ಲು.

ಬಂಧು ಬಳಗಕ್ಕ ನಮ್ಮ ಕಡೆ ಕಳ್ಳುಬಳ್ಳಿ ಅಂತಾರ.
ಎಷ್ಟು ಸಲ ಆಡೇನಿ ಆ ಮಾತು.
ಅದರೊಳಗ ಕರುಳು ಇತ್ತು ಅಂತ ಕಂಡಿದ್ದಿಲ್ಲ.
ಬಳ್ಳಿ ತುದಿಗೆ ಮಾಲತೇಶನ ಮಗಳು ಅಂಕಿತಾ, ಹತ್ತೊಂಬತ್ತು,
ಹಾವೇರಿಯೊಳಗ ಬಿ.ಕಾಂ.
ಹಾಳಿ ಮ್ಯಾಲ ಅಕಿದು ಇನ್ನೂ ಖಾಲಿ ದುಂಡು.

ನಮ್ಮ ಮನಿಯಿಂದ ಯಾವ ಕೂಸೂ
ಉಣ್ಣದ ಹೊಸ್ತಿಲಾ ದಾಟಿದ್ದಿಲ್ಲ.
ದಾಟಾಕ ನಮ್ಮವ್ವ ಬಿಟ್ಟಿದ್ದಿಲ್ಲ.
ರಾತ್ರಿ ನಾನ ಫೋನ್ ಹಚ್ಚಿದೆ:
ನಾಳೆ ಮುಂಜಾನಿ ಗಾಡಿಗೆ ಹುಬ್ಬಳ್ಳಿಗೆ ಬಾ, ನಾ ಸ್ಟೇಶನ್‌ನ್ಯಾಗ ಇರತೇನಿ.
ಚಾ ಸೈತ ಕುಡೀಬ್ಯಾಡ.
ಬರೀ ಹೊಟ್ಟೀಲೆ ಬಾ, ತಂಗಿ.